ಟೈಲರಕ್ಕನ ದಾರ, ವಾರಗಿತ್ತಿಯ ಅಂಜೂರ

ಟೈಲರಕ್ಕನಿಗೆ ತನ್ನ ವಾರಗಿತ್ತಿಯನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಮುಚ್ಚಿಟ್ಟು ಕಥೆ ಹೇಳುವುದರಲ್ಲಿ ಅರ್ಥವಿಲ್ಲ. ಅವಳು ಅದನ್ನು ದೇವರ ಮುಂದೆಯೂ ಮುಚ್ಚಿಟ್ಟವಳಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು, ಮುಖ ತೊಳೆದು, ಹೊಲಿಗೆ ಕೋಣೆಯ ಮೂಲೆಯ ಹಲಗೆಯ ಮೇಲೆ ಪುಟ್ಟ ದೀಪ ಹಚ್ಚಿ, ಕಣ್ಣು ಮುಚ್ಚಿ ಕೂತರೆ ಒಂದು ಗಂಟೆ ಅಲುಗಾಡುತ್ತಿರಲಿಲ್ಲ. ಅದರಲ್ಲಿ ಅರ್ಧ ಗಂಟೆ ದೇವರ ಸ್ತುತಿ. ಉಳಿದ ಅರ್ಧ ಗಂಟೆ ವಾರಗಿತ್ತಿಯ ಮೇಲೆ ದೂರು.

ಹಾಗೆ ನೋಡಿದರೆ ವಾರಗಿತ್ತಿ ಯಾವ ತಪ್ಪನ್ನೂ ಮಾಡಿರಲಿಲ್ಲ. ಮಾಡಿದ್ದರೆ ಟೈಲರಕ್ಕನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಆಕೆ ಕಣ್ಣಿನ ಆಸ್ಪತ್ರೆಯಲ್ಲಿ ಟೋಕನ್ ಕೊಡುವ ಕಿಟಕಿಯ ಹಿಂದೆ ಕೂರುವವಳು. ದಿನಕ್ಕೆ ಮುನ್ನೂರು ಜನರನ್ನು ನಕ್ಕು ಮಾತಾಡಿಸಿ, ಮನೆಗೆ ಬಂದ ಮೇಲೂ ನಗು ಉಳಿಸಿಕೊಂಡಿರುತ್ತಿದ್ದಳು. ಅತ್ತೆ ಬದುಕಿದ್ದಷ್ಟು ದಿನ ಹಿರಿಸೊಸೆ ಮಾಡಿದ್ದನ್ನು ಉಂಡು, ಕಿರಿಸೊಸೆಯ ಜೊತೆ ಹರಟಿದರು. ಮನೆ ಎರಡು ಪಾಲಾದಾಗ, ದೊಡ್ಡವಳು ಮೊದಲು ಆರಿಸಿಕೊಳ್ಳಲಿ ಅಂತ ಹೇಳಿದವಳೂ ಇದೇ ವಾರಗಿತ್ತಿ. ಟೈಲರಕ್ಕ ಹಿಂದೆ ಮುಂದೆ ನೋಡದೆ ನಲ್ಲಿ, ಬಟ್ಟೆ ಒಗೆಯುವ ಕಲ್ಲು, ಸಮತಟ್ಟು ನೆಲ ಇದ್ದ ಹಿತ್ತಿಲನ್ನು ತೆಗೆದುಕೊಂಡಳು. ಕಲ್ಲು, ಮುಳ್ಳು, ಯಾರಿಗೂ ಬೇಡವಾದ ಒಂದು ಅಂಜೂರದ ಗಿಡ ಇದ್ದ ಪಾಲು ವಾರಗಿತ್ತಿಗೆ ಹೋಯಿತು. ನಡುವೆ ಸೊಂಟದೆತ್ತರದ ಗೋಡೆ ಎದ್ದಿತು. ಇದು ಹನ್ನೊಂದು ವರ್ಷದ ಹಿಂದಿನ ಮಾತು.

ಆ ಹನ್ನೊಂದು ವರ್ಷದಲ್ಲಿ ಟೈಲರಕ್ಕ ತನ್ನ ಹಿತ್ತಿಲನ್ನು ಇಸ್ತ್ರಿ ಹಾಕಿದ ಹಾಗೆ ಇಟ್ಟಳು. ಕುಂಡಗಳೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಂತವು. ದಿನಕ್ಕೆರಡು ಸಲ ಕಸ ಗುಡಿಸಿ, ಒಣಗಿದ ಎಲೆ ಕಂಡಲ್ಲಿ ಕಿತ್ತು, ಹುಳ ಬರದಿರಲೆಂದು ಭಾನುವಾರ ಭಾನುವಾರ ಸೋಪಿನ ನೀರು ಚಿಮುಕಿಸಿದಳು. ವಾರಗಿತ್ತಿ ಕಡ್ಡಿ ಚುಚ್ಚಿ ಮರೆತುಬಿಡುವವಳು. ಮರೆತ ಕಡ್ಡಿಗಳೆಲ್ಲ ಚಿಗುರಿ, ಒಂದರ ಮೇಲೊಂದು ಬಿದ್ದು, ಅಲ್ಲಿ ನೆಲವೇ ಕಾಣುತ್ತಿರಲಿಲ್ಲ. ಆ ಪೊದೆಯೊಳಗೆ ಅಳಿಲು ಬಂತು, ಓತಿಕ್ಯಾತ ಬಂತು, ಚಿಟ್ಟೆ ಬಂದವು, ಎರಡು ಮುಂಗುಸಿಗಳು ಸ್ವಂತ ಮನೆಯ ಹಾಗೆ ಓಡಾಡಿದವು. ಟೈಲರಕ್ಕನ ಪಾಲಿಗೆ ಬಂದದ್ದು ಕಾಗೆ. ಅದೂ ಒಗೆದ ಬಟ್ಟೆ ಹಾಳು ಮಾಡುವುದಕ್ಕೆ.

"ದಿನಾ ನಿನ್ನ ನೆನೆಯೋಳು ನಾನು," ಎಂದು ಅವಳು ದೀಪದ ಮುಂದೆ ಕೇಳುತ್ತಿದ್ದಳು. "ಒಂದು ದಿನಾನೂ ಕೈ ಮುಗೀದೋಳು ಅವಳು. ನೀನು ಸಾಕಿರೋ ಜೀವಗಳನ್ನೆಲ್ಲ ಅವಳ ಮನೆಗೇ ಕಳಿಸ್ತೀಯಲ್ಲ, ಇದು ಯಾವ ನ್ಯಾಯ?" ಅವಳಿಗೆ ಚಿನ್ನ ಬೇಕಿರಲಿಲ್ಲ, ಬಂಗಲೆ ಬೇಕಿರಲಿಲ್ಲ. ದೇವರು ತನ್ನನ್ನೂ ನೋಡುತ್ತಿದ್ದಾನೆ ಅನ್ನುವುದಕ್ಕೆ ಒಂದು ಗುರುತು ಬೇಕಿತ್ತು. ಈ ಮನೆಗೆ ಸೊಸೆಯಾಗಿ ಬಂದ ಇಪ್ಪತ್ತಮೂರು ವರ್ಷದಿಂದ ಕಾದು ಕೂತಿದ್ದಳು.

ಸಾಲದ್ದಕ್ಕೆ, ಪ್ರಾರ್ಥನೆ ಅರ್ಧಕ್ಕೆ ಬಂದಿತು ಅನ್ನುವಾಗ, ದಿನವೂ ಸರಿಯಾಗಿ ಆರು ಗಂಟೆಗೆ ಗೋಡೆಯಾಚೆಯಿಂದ ದನಿ ಕೇಳುತ್ತಿತ್ತು. "ಅಕ್ಕಾ, ಎದ್ದಿದ್ದೀಯಾ?"

ಎದ್ದು ಅರ್ಧ ಗಂಟೆಯಾಗಿದ್ದವಳನ್ನು ಎದ್ದಿದ್ದೀಯಾ ಎಂದು ಕೇಳುವ ಆ ಮಾತಿಗೆ ಟೈಲರಕ್ಕ ಒಂದು ದಿನವೂ ಉತ್ತರ ಕೊಟ್ಟಿರಲಿಲ್ಲ. ಭಕ್ತಿ ಕೆಡಿಸುವುದಕ್ಕೆಂದೇ ಹೀಗೆ ಕೂಗುತ್ತಾಳೆ ಎಂದು ಹಲ್ಲು ಕಚ್ಚಿ, ಕಣ್ಣನ್ನು ಇನ್ನೂ ಬಿಗಿಯಾಗಿ ಮುಚ್ಚುತ್ತಿದ್ದಳು. ಆಮೇಲೆ ನೀರು ತುಂಬುವಾಗ ಎದುರಾದರೆ ಎರಡೇ ಎರಡು ಮಾತು, ಅಷ್ಟೆ.

ಇಷ್ಟಾದರೂ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಆ ವರ್ಷ ಟುವ್ವಿ ಹಕ್ಕಿ ಬಂತು ನೋಡಿ, ಅಲ್ಲಿಗೆ ಅವಳ ತಾಳ್ಮೆ ಮುಗಿಯಿತು.

ಟುವ್ವಿ ಅಂದರೆ ಹೆಬ್ಬೆರಳಿನಷ್ಟು ಹಕ್ಕಿ. ಕೊಕ್ಕಿನಿಂದ ಎಲೆಯ ಅಂಚಿಗೆ ತೂತು ಮಾಡಿ, ದಾರ ತೂರಿಸಿ, ಎಲೆಯನ್ನು ಸುರುಳಿ ಮಾಡಿ ಹೊಲಿದು, ಒಳಗೆ ಹತ್ತಿ ತುಂಬಿ ಗೂಡು ಮಾಡುತ್ತದೆ. ಒಂದು ಸಂಜೆ ಟೈಲರಕ್ಕ ಮಡಿಲಿನ ಬಟ್ಟೆಯನ್ನು ಹಿತ್ತಿಲ ಮೆಟ್ಟಿಲ ಮೇಲೆ ಕೊಡವಿದಾಗ, ಉದುರಿದ ತುಂಡು ದಾರಗಳಲ್ಲಿ ಒಂದನ್ನು ಅದು ಕಚ್ಚಿಕೊಂಡು ಹಾರಿತು. ಅವಳ ಎದೆ ಅರಳಿತು. ಹೊಲಿಯುವ ಹಕ್ಕಿ ಹೊಲಿಯುವವಳ ಮನೆಗೆ ಬಾರದೆ ಇನ್ನೆಲ್ಲಿಗೆ ಹೋದೀತು? ಇದೇ ಆ ಗುರುತು ಎಂದುಕೊಂಡು ಮರುದಿನ ಬೇಕೆಂದೇ ಉದ್ದುದ್ದ ದಾರ ಕತ್ತರಿಸಿ ಮೆಟ್ಟಿಲ ಮೇಲಿಟ್ಟಳು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ಕಾಲ. ಎಲ್ಲವೂ ನೀಲಿ ದಾರ.

ನಾಲ್ಕನೆಯ ದಿನ ಗೋಡೆಯಾಚೆಯಿಂದ ವಾರಗಿತ್ತಿ ಕರೆದಳು. "ಅಕ್ಕಾ, ಬಾ ಇಲ್ಲಿ, ನೋಡು. ನಮ್ಮ ಅಂಜೂರದಲ್ಲಿ ಗೂಡು ಆಗಿದೆ. ನೀಲಿ ದಾರ ಕಣೇ, ನಿಂದೇ ಇರಬೇಕು."

ಅವಳದೇ. ಅಗಲವಾದ ಎರಡು ಅಂಜೂರದೆಲೆಗಳನ್ನು ಸೇರಿಸಿ ಹಾಕಿದ ಹೊಲಿಗೆಯಲ್ಲಿ ನೀಲಿ ದಾರ ಎದ್ದು ಕಾಣುತ್ತಿತ್ತು. ಟೈಲರಕ್ಕ ಗೋಡೆಯ ಈಚೆಯಿಂದಲೇ ಕತ್ತು ಚಾಚಿ ನೋಡಿ, "ಓ, ಚೆನ್ನಾಗಿದೆ," ಎಂದು ಒಳಗೆ ಬಂದಳು. ಮೈಯೆಲ್ಲ ಉರಿಯುತ್ತಿತ್ತು. ದಾರ ತನ್ನದು, ಮನೆ ಅವಳದು.

ಅವಳು ಸುಮ್ಮನೆ ಕೂರುವವಳಲ್ಲ. ಅಳತೆ ತೆಗೆದು, ತನ್ನ ಸಾಲುಕುಂಡಗಳಲ್ಲಿ ಅಗಲ ಎಲೆಯ ಗಿಡವೊಂದನ್ನು ಆರಿಸಿ, ಸಣ್ಣ ಸೂಜಿಯಿಂದ ಎರಡು ಎಲೆಗಳನ್ನು ತಾನೇ ಹೊಲಿದಳು. ಒತ್ತೊತ್ತಾಗಿ, ಒಂದೊಂದು ಹೊಲಿಗೆಯನ್ನೂ ಎಳೆದು ಬಿಗಿದು, ಕೊನೆಗೆ ಗಂಟು ಹಾಕಿ, ಒಳಗೆ ಹತ್ತಿ ತುಂಬಿದಳು. ನೋಡಿದರೆ ಹಕ್ಕಿಯ ಹೊಲಿಗೆಗಿಂತ ನೂರು ಪಾಲು ಅಚ್ಚುಕಟ್ಟು. ಬೀಗ ರಿಪೇರಿ ಮಾಡುವ ಅವಳ ಗಂಡ ಕೆಲಸಕ್ಕೆ ಹೊರಟವನು ನಿಂತು ನೋಡಿದ.

"ಅಳತೆ ಕೊಟ್ಟಿತ್ತಾ ಹಕ್ಕಿ?" ಎಂದ.

"ನೀವು ನಿಮ್ಮ ಬೀಗ ನೋಡ್ಕೊಳ್ಳಿ," ಎಂದಳು.

ಮೂರು ದಿನಕ್ಕೆ ಅವಳು ಹೊಲಿದ ಎಲೆಗಳು ಅಂಚಿನಿಂದ ಕಂದಾಗಿ, ಹೊಲಿಗೆಯ ಸಾಲಿಗೇ ಹರಿದು, ಹತ್ತಿಯ ಸಮೇತ ಕುಂಡದೊಳಗೆ ಬಿದ್ದವು. ಟುವ್ವಿ ದಿನವೂ ಮೆಟ್ಟಿಲಿಗೆ ಬಂತು, ದಾರ ತೆಗೆದುಕೊಂಡಿತು, ಹೋಯಿತು. ಟೈಲರಕ್ಕ ದಾರ ಇಡುವುದನ್ನು ನಿಲ್ಲಿಸಿದಳು. ಹಕ್ಕಿ ಆಗಲೇ ತನ್ನ ಕೆಲಸ ಮುಗಿಸಿತ್ತು.

ಎರಡು ವಾರ ಕಳೆದ ಮೇಲೆ, ಪ್ರಾರ್ಥನೆಯ ನಡುವೆ ಎಂದಿನ ದನಿ ಬಂತು. "ಅಕ್ಕಾ, ಎದ್ದಿದ್ದೀಯಾ? ಮೂರು ಮರಿ ಆಗಿದೆ." ಆ ದನಿಯಲ್ಲಿದ್ದ ಖುಷಿಯನ್ನು ಟೈಲರಕ್ಕನಿಗೆ ತಡೆದುಕೊಳ್ಳಲು ಆಗಲಿಲ್ಲ. ತುಟಿ ತಾನಾಗಿ ಆಡಿತು.

"ನನಗಿಲ್ಲದ್ದು ಅವಳಿಗೂ ಬೇಡ. ಆ ಗೂಡು ಬಿದ್ದು ಹೋಗ್ಲಿ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಳ್ಳಲೂ ಇಲ್ಲ. ಇಪ್ಪತ್ತಮೂರು ವರ್ಷ ಕೇಳಿದ್ದಕ್ಕೆ ಸುಮ್ಮನಿದ್ದವನು ಇದಕ್ಕೆ ಮಾತ್ರ ಓಡಿ ಬರುತ್ತಾನೆಯೇ ಎಂದುಕೊಂಡು, ದೀಪಕ್ಕೆ ಕೈ ಮುಗಿದು, ಎದ್ದು ಹೋಗಿ ಸಮವಸ್ತ್ರಗಳಿಗೆ ಗುಂಡಿ ಹಚ್ಚುತ್ತ ಕೂತಳು.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಗಾಳಿ ಎದ್ದಿತು. ಎಲ್ಲಿಂದ ಎದ್ದಿತೋ, ಧೂಳು ಹೊತ್ತು ತಂದು ಕಿಟಕಿಗೆ ಬಡಿಯಿತು. ತಂತಿಯ ಮೇಲಿನ ಬಟ್ಟೆಗಳನ್ನು ಎಳೆದುಕೊಳ್ಳಲು ಹೊರಗೆ ಓಡಿದ ಟೈಲರಕ್ಕನಿಗೆ ಗೋಡೆಯಾಚೆ ವಾರಗಿತ್ತಿ ಕಂಡಳು. ಅರ್ಧ ದಿನದ ಪಾಳಿ ಮುಗಿಸಿ ಬಂದವಳು ಆಸ್ಪತ್ರೆಯ ಉಡುಪಿನಲ್ಲೇ ಇದ್ದಳು. ಅಂಜೂರದ ಕೊಂಬೆ ಗಾಳಿಗೆ ಹೊಯ್ದಾಡಿ ಗೂಡಿನ ಒಂದು ಎಲೆ ಉದ್ದಕ್ಕೆ ಸೀಳಿತ್ತು. ಎರಡೇ ಎರಡು ಹೊಲಿಗೆಯಲ್ಲಿ ನೇತಾಡುತ್ತಿದ್ದ ಗೂಡನ್ನು ವಾರಗಿತ್ತಿ ಎರಡೂ ಕೈಯಲ್ಲಿ ಬೊಗಸೆ ಮಾಡಿ ಹಿಡಿದು ನಿಂತಿದ್ದಳು. ಬಿಟ್ಟರೆ ಮರಿಗಳು ನೆಲಕ್ಕೆ. ತಾಯಿಹಕ್ಕಿ ಸುತ್ತ ಹಾರುತ್ತ ಕಿರುಚುತ್ತಿತ್ತು. ವಾರಗಿತ್ತಿಯ ಕಣ್ಣು ಮುಚ್ಚಿತ್ತು, ತುಟಿ ಏನೋ ಹೇಳುತ್ತಿತ್ತು.

ಟೈಲರಕ್ಕ ಬಟ್ಟೆ ಅವುಚಿಕೊಂಡು ಒಳಗೆ ಬಂದು ಬಾಗಿಲು ಹಾಕಿದಳು. ಮೆಷಿನ್ನಿನ ಮುಂದೆ ಕೂತು ಪೆಡಲು ತುಳಿದರೆ ದಾರ ಪಟಕ್ಕನೆ ಕಡಿಯಿತು. ಮೂಲೆಯ ಹಲಗೆಯ ಕಡೆ ನೋಡಿದಳು. ಮಕ್ಕಳು ಬೇಕೆಂದು ಕೇಳಿದ್ದಳು, ಕೊಡಲಿಲ್ಲ. ಅತ್ತೆಯ ಒಂದು ಒಳ್ಳೆ ಮಾತು ಕೇಳಿದ್ದಳು, ಅದೂ ಇಲ್ಲ. ಇಷ್ಟು ವರ್ಷದಲ್ಲಿ ದೇವರು ನಡೆಸಿಕೊಟ್ಟ ಮೊದಲ ಮಾತು ಇದು. ಕೇಳಿದವಳು ತಾನೇ.

ಒಂಬತ್ತನೇ ನಂಬರಿನ ಸಣ್ಣ ಸೂಜಿ, ನೀಲಿ ದಾರ, ಕತ್ತರಿ ತೆಗೆದುಕೊಂಡು ಹಿತ್ತಿಲಿಗೆ ಓಡಿದಳು. ಮುಂಬಾಗಿಲಿನಿಂದ ಬೀದಿ ಸುತ್ತಿ ಹೋಗುವಷ್ಟು ವ್ಯವಧಾನ ಇರಲಿಲ್ಲ. ನಲವತ್ತೆಂಟರ ಆ ಭಾರದ ಹೆಂಗಸು, ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡು, ಹನ್ನೊಂದು ವರ್ಷ ದಾಟದ ಗೋಡೆಯ ಮೇಲೆ ಹೊಟ್ಟೆ ಊರಿ, ಮೊಣಕಾಲು ತರಚಿಕೊಂಡು ಆಚೆ ಇಳಿದಳು.

"ಅಲ್ಲಾಡಿಸ್ಬೇಡ, ಹಾಗೇ ಹಿಡ್ಕೋ," ಎಂದಳು.

ಮೊದಲ ಹೊಲಿಗೆ ಹಾಕಿ ಎಳೆಯಹೋದವಳ ಕೈ ಅಲ್ಲೇ ನಿಂತಿತು. ಹಕ್ಕಿಯ ಹೊಲಿಗೆಗಳು ಕಣ್ಣಿಗೆ ಇಷ್ಟು ಹತ್ತಿರ ಎಂದೂ ಬಂದಿರಲಿಲ್ಲ. ಒಂದೂ ಬಿಗಿಯಾಗಿರಲಿಲ್ಲ. ಒಂದೊಂದೂ ಬೇರೆ ಬೇರೆ, ನಡುವೆ ಬೆರಳಿನಷ್ಟು ಜಾಗ, ದಾರ ಸಡಿಲ. ಎಲೆ ಬೆಳೆಯುವ ವಸ್ತು, ಅದಕ್ಕೆ ಹಿಗ್ಗಲು ಜಾಗ ಬೇಕು. ಬೆಳೆಯುವ ಮಕ್ಕಳ ಬಟ್ಟೆಗೆ ಒಳಗೆ ಎರಡು ಬೆರಳು ಬಿಟ್ಟು ಹೊಲಿಯುವುದನ್ನು ಊರಿಗೆಲ್ಲ ಹೇಳಿಕೊಡುವ ತಾನು ಇದನ್ನು ಹೇಗೆ ಮರೆತೆ ಎಂದು ಅವಳಿಗೆ ನಾಚಿಕೆಯಾಯಿತು. ಹಕ್ಕಿಯ ಹೊಲಿಗೆಯ ಪಕ್ಕದಲ್ಲೇ, ಹಕ್ಕಿ ಹಾಕಿದ ಹಾಗೆಯೇ, ಏಳು ಸಡಿಲ ಹೊಲಿಗೆ ಹಾಕಿದಳು. ಸೆರಗಿನ ಅಂಚಿನಿಂದ ಒಂದು ಪಟ್ಟಿ ಕತ್ತರಿಸಿ, ಅಲ್ಲೇ ಸಿಕ್ಕ ಕೋಲು ನೆಟ್ಟು ಕೊಂಬೆಯನ್ನು ಅದಕ್ಕೆ ಕಟ್ಟಿದಳು. ವಾರಗಿತ್ತಿ ಬೊಗಸೆಯನ್ನು ನಿಧಾನವಾಗಿ ಬಿಡಿಸಿದಳು. ಗೂಡು ನಿಂತಿತು. ಇಬ್ಬರೂ ಗೋಡೆಯ ಬುಡಕ್ಕೆ ಸರಿದು ಕುಸಿದು ಕೂತರು. ಸ್ವಲ್ಪ ಹೊತ್ತಿಗೆ ತಾಯಿಹಕ್ಕಿ ಒಳಗೆ ಹೋಯಿತು.

"ಅಕ್ಕಾ, ಒಂದು ಹೇಳ್ತೀನಿ, ನಗಬಾರದು," ಎಂದಳು ವಾರಗಿತ್ತಿ. "ಕೈ ಬಿಡೋ ಹಾಗಿರಲಿಲ್ಲ, ಮುಗಿಯೋ ಹಾಗೂ ಇರಲಿಲ್ಲ. ಹಾಗೇ ನಿಂತ್ಕೊಂಡು ದೇವರನ್ನ ಕೇಳ್ಕೊಂಡೆ. ನಂಗೆ ಅದೆಲ್ಲ ಬರಲ್ಲ, ನಿಂಗೆ ಗೊತ್ತಲ್ಲ. ಪಕ್ಕದಲ್ಲಿ ನಮ್ಮಕ್ಕ ದಿನಾ ನಿನ್ ಹತ್ರ ಮಾತಾಡ್ತಾಳಲ್ಲ, ಅವಳನ್ನ ಒಂದ್ಸಲ ಈ ಕಡೆ ಕಳಿಸು ಅಂದೆ. ಅಷ್ಟೇ. ಕಣ್ಣು ಬಿಟ್ರೆ ನೀನು ಗೋಡೆ ಮೇಲಿದ್ದೆ."

ಟೈಲರಕ್ಕ ನಗಲಿಲ್ಲ. ಒಳಗೆ ಮತ್ತೆ ಉರಿದುಹೋಯಿತು. ಹುಟ್ಟಿದಾಗಿನಿಂದ ಇವಳು ಬೇಡಿಕೊಂಡದ್ದು ಒಂದೇ ಸಲ, ಅದೂ ಐದು ನಿಮಿಷದಲ್ಲಿ ನಡೆದುಹೋಯಿತು. ನಡೆಸಿಕೊಟ್ಟದ್ದಾದರೂ ಯಾರ ಕೈಯಿಂದ? ಆ ಉರಿಯ ಬೆನ್ನಿಗೇ, ತಡೆಯುವ ಮೊದಲೇ, ಮಾತು ಹೊರಗೆ ಬಂತು.

"ನಾನೂ ಬೆಳಿಗ್ಗೆ ಕೇಳ್ಕೊಂಡಿದ್ದೆ."

"ಏನಂತ?"

"ಇದು ಬಿದ್ದು ಹೋಗ್ಲಿ ಅಂತ."

ವಾರಗಿತ್ತಿ ಅವಳನ್ನೇ ನೋಡಿದಳು. ಮುನ್ನೂರು ಜನರಿಗೆ ಸಾಕಾಗುವ ಆ ನಗು ಮುಖದಲ್ಲಿ ಇರಲಿಲ್ಲ. ಎದ್ದು, ಕೈಗೆ ಅಂಟಿದ್ದ ಹತ್ತಿಯನ್ನು ಬಿಡಿಸಿಕೊಂಡು, ಒಳಗೆ ಹೋದಳು. ಟೈಲರಕ್ಕ ಈ ಸಲ ಬೀದಿ ಸುತ್ತಿಕೊಂಡು ಮನೆಗೆ ಬಂದಳು.

ಮರುದಿನ ಐದೂವರೆಗೆ ಎದ್ದು ದೀಪ ಹಚ್ಚಿದಳು. ಸ್ತುತಿ ಬಾಯಿಗೆ ಬರಲಿಲ್ಲ. "ಮೂರೂ ಉಳೀಲಿ," ಎಂದಳು. ಆಮೇಲೆ ಹಳೇ ಚಾಳಿ ಬಿಡದೆ, "ಅವಳು ಕರೆದ್ರೆ ನನ್ನ ಕಳಿಸಿದೆ. ನಾನು ಇಷ್ಟು ವರ್ಷ ಕರೆದೆನಲ್ಲ, ನನಗೆ ಯಾರನ್ನ ಕಳಿಸಿದೆ?" ಎಂದು ಕೇಳಿ, ಕಣ್ಣು ಮುಚ್ಚಿ ಕಾದಳು.

ಗಡಿಯಾರ ಆರು ದಾಟಿತು. ಗೋಡೆಯಾಚೆ ಬಾಗಿಲು ತೆರೆದ ಸದ್ದು, ಬಕೆಟ್ಟಿನ ಸದ್ದು. ಕರೆ ಬರಲಿಲ್ಲ. ಹನ್ನೊಂದು ವರ್ಷ ತಪ್ಪದೆ ಬಂದದ್ದು ಇಂದು ಬರಲಿಲ್ಲ ಎನ್ನುವುದು ಮೊದಲು ಕಿವಿಗೆ ತಿಳಿಯಿತು, ಆಮೇಲೆ ಅವಳಿಗೆ. ಆರೂ ಐದು. ಆರೂ ಹತ್ತು. ವಾರಗಿತ್ತಿ ಅಂಜೂರದ ಹತ್ತಿರ ಮೆಲ್ಲಗೆ ಮಾತಾಡುತ್ತಿರುವುದು ಕೇಳಿಸಿತು. "ಹೊಟ್ಟೆ ಹಸೀತಾ, ಅಮ್ಮ ಬರ್ತಾಳೆ ಇರು." ಮಾತಾಡಿಸುತ್ತಿದ್ದುದು ಹಕ್ಕಿಮರಿಗಳನ್ನು. ಟೈಲರಕ್ಕನಿಗೆ ಆ ಮರಿಗಳ ಮೇಲೆ ಎಂಥ ಹೊಟ್ಟೆಕಿಚ್ಚು ಹತ್ತಿತೆಂದರೆ, ಈ ಹಿಂದೆ ಪಟ್ಟ ಹೊಟ್ಟೆಕಿಚ್ಚೆಲ್ಲ ಅದರ ಮುಂದೆ ಏನೂ ಅಲ್ಲ. ದೀಪದ ಮುಂದೆ ಕೂತೇ ಇದ್ದಳು, ಆದರೆ ಕಿವಿ ಪೂರ್ತಿ ಕಿಟಕಿಯ ಕಡೆ ಇತ್ತು.

ಆರೂ ಕಾಲಿಗೆ ಬಕೆಟ್ಟು ನೆಲಕ್ಕಿಟ್ಟ ಸದ್ದಾಯಿತು.

"ಅಕ್ಕಾ," ಎಂದಿತು ದನಿ, ಎಂದಿಗಿಂತ ಸಣ್ಣಗೆ. "ಎದ್ದಿದ್ದೀಯಾ?"

ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ. ಟೈಲರಕ್ಕ ಕಣ್ಣು ಬಿಟ್ಟಳು.

"ಎದ್ದಿದ್ದೀನಿ ಕಣೇ," ಎಂದಳು, "ಬಂದೆ."