ನಾಲ್ಕನೇ ಮಹಡಿಯಲ್ಲೇ ನಿಲ್ಲುವ ಲಿಫ್ಟ್

ಡೊಂಬಿವಲಿಯಲ್ಲಿ ನಾವು ಮೂವರು ಗೆಳೆಯರು ಅಂತರ್ಜಾಲದಲ್ಲಿ ಒಂದು ಕನ್ನಡ ಕಥಾಪತ್ರಿಕೆ ನಡೆಸುತ್ತಿದ್ದೆವು. ಒಂದು ವರ್ಷ, ಪ್ರಕಟಿಸಿದ ಕತೆಗಳಲ್ಲಿ ಅತ್ಯುತ್ತಮವಾದದ್ದನ್ನು ಆರಿಸಲು ನಮ್ಮಲ್ಲೊಬ್ಬನ ಹೋಟೆಲಿನಲ್ಲಿ ಕೂತೆವು. ಚಟ್ನಿಯ ಖಾರದ ಬಗ್ಗೆಯೂ ಜಗಳವಾಡುವ ನಾವು ಆ ದಿನ ಒಂದೇ ಕತೆಗೆ ಒಪ್ಪಿದೆವು. ಅದು ಘಣಸೋಲಿಯಿಂದ ಬಂದದ್ದು. ಒಂದು ಕಟ್ಟಡದ ಲಿಫ್ಟ್, ಯಾವ ಗುಂಡಿ ಒತ್ತಿದರೂ ನಾಲ್ಕನೇ ಮಹಡಿಯಲ್ಲೇ ನಿಲ್ಲುತ್ತದೆ. ಅಲ್ಲಿನವರು ದಿನವಿಡೀ ಅಪರಿಚಿತರಿಗೆ ದಾರಿ ತೋರಿಸುತ್ತ ಬದುಕುತ್ತಾರೆ. ‘ಮಹಾನಗರದ ರೂಪಕ’ ಎಂದು ನಾನೇ ಟಿಪ್ಪಣಿ ಬರೆದೆ.

ಬರುತ್ತೇವೆ ಎಂದಷ್ಟೇ ತಿಳಿಸಿ, ಶಾಲು ಹಿಡಿದು ಕತೆಗಾರರ ಮನೆಗೆ ಹೊರಟೆವು. ಮನೆ ಎರಡನೇ ಮಹಡಿಯಲ್ಲಿತ್ತು. ಲಿಫ್ಟ್ ನಮ್ಮನ್ನು ನಾಲ್ಕಕ್ಕೆ ಒಯ್ದು ನಿಲ್ಲಿಸಿತು. ಬಾಗಿಲಲ್ಲಿದ್ದ ಹೆಂಗಸು “ಕೌನ್ಸಾ ಮಾಲಾ?” ಎಂದು ಯಾವ ಮಹಡಿಯೆಂದು ವಿಚಾರಿಸಿ, ಕೆಳಗಿನ ಮೆಟ್ಟಿಲು ತೋರಿಸಿದರು. ನಾವು ಎರಡು ಮಹಡಿ ಇಳಿದೆವು.

ಕಾರ್ಖಾನೆಯಿಂದ ನಿವೃತ್ತರಾಗಿದ್ದ ವಿಜಯಪುರದ ಆ ಹಿರಿಯರು ಶಾಲಿದ್ದ ನಮ್ಮ ಕೈಚೀಲ ನೋಡಿ, “ಬರ್ರಿ, ಲಿಫ್ಟಿನ ಸಾಮಾನು ತಂದೀರೇನು?” ಎಂದರು.

ಅವರು ಬರೆದದ್ದು ದೂರು. ಕನ್ನಡ ಓದಲು ಬಾರದ ಮಗಳು ನಮ್ಮ ವಿಳಾಸವನ್ನು ಪೇಪರಿನವರದೆಂದುಕೊಂಡು ಅದನ್ನು ನಮಗೆ ಕಳಿಸಿದ್ದಳು.

“ಕಡೀಕ ರಿಪೇರಿ ಮಾಡಸ್ರಿ ಅಂತ ಬರದಿದ್ನೆಲ್ರಿ, ಅದೆಲ್ಲಿ ಹೋತು?” ಎಂದು ನಾವು ಪ್ರಕಟಿಸಿದ್ದನ್ನು ಓದಿ ಕೇಳಿದರು.

“ಅಂತ್ಯ ಸ್ವಲ್ಪ ವಾಚ್ಯವಾಗಿತ್ತು, ತೆಗೆದೆವು,” ಎಂದೆ. ಹೇಳುವಾಗಲೇ ನಾಚಿಕೆಯಾಯಿತು.

ಅವರು ಶಾಲು ಹೊದಿಸಿಕೊಂಡರು, ಫೋಟೊಗೂ ನಿಂತರು. ನಾವು ಚಹಾ ಕುಡಿಯುವುದರೊಳಗೆ ನೀರಿನ ಟಾಂಕಿಯ ಬಗ್ಗೆ ಇನ್ನೊಂದು ಕಾಗದ ಬರೆದು ಕೊಟ್ಟರು.

“ಇದರಾಗ ರಿಪೇರಿ ಮಾತು ಮೊದಲನೇ ಸಾಲಿನಾಗ ಹಾಕೀನಿ,” ಎಂದರು.