ಹೊಟ್ಟಿನಲ್ಲಿ ಬಂದ ಹಿಮಾಲಯ

ಬಸ್ಸು ಕೆಡಬಹುದಿತ್ತು. ಕಂಡಕ್ಟರ್ ಇಳಿಸಬಹುದಿತ್ತು. ಐಸ್ ಗಡ್ಡೆ ಜಾರಿ ಯಾರದೋ ಕಾಲ ಮೇಲೆ ಬೀಳಬಹುದಿತ್ತು, ಇಲ್ಲವೇ ಕುರುಗೋಡು ಬರುವಷ್ಟರಲ್ಲಿ ಬರೀ ಒದ್ದೆ ಗೋಣಿಚೀಲ ಉಳಿಯಬಹುದಿತ್ತು. ಬಳ್ಳಾರಿಯ ಫ್ಯಾಕ್ಟರಿಯಿಂದ ಅದನ್ನು ತರುತ್ತಿದ್ದ ನಮ್ಮ ಕುರುಗೋಡು ಶಾಲೆಯ ವಿಜ್ಞಾನದ ಮೇಡಂಗೆ, ಲೆಕ್ಕದ ಮೇಷ್ಟ್ರಾದ ನಾನು ದಾರಿಯುದ್ದಕ್ಕೂ ಇವನ್ನೆಲ್ಲ ವಿವರಿಸಿದೆ.

"ಸರ, ಮೊದ್ಲು ಮುಟ್ಟಿ ನೋಡ್ರಿ, ಆಮ್ಯಾಲೆ ಹೆದರ್ರಿ."

ಎಲ್ಲದಕ್ಕೂ ಅವರದು ಇದೇ ಮಾತು. ಚೇಳು ಕಂಡರೂ ಹೀಗೇ ಅಂದಾರೆಂದು ನನಗೆ ದಿಗಿಲು.

ಸಿರುಗುಪ್ಪದ ಅಕ್ಕಿ ಗಿರಣಿಯಿಂದ ತಂದ ಭತ್ತದ ಹೊಟ್ಟಿನಲ್ಲಿ ಅವರು ಗಡ್ಡೆಯನ್ನು ಕರಗದಂತೆ, ಕೂಸಿನಂತೆ ಮಲಗಿಸಿ, ಗೋಣಿ ಹೊದಿಸಿದ್ದರು. ಬಸ್ಸಿನವರೆಲ್ಲ ಸರದಿಯಲ್ಲಿ ಮುಟ್ಟಿದರು. ಕಂಡಕ್ಟರ್ ಎರಡು ಸಲ.

ತರಗತಿಯಲ್ಲಿ ಹೊಟ್ಟು ತೊಳೆದು ಗಡ್ಡೆಯನ್ನು ಕಿಟಕಿಯ ಬಿಸಿಲಿಗಿಟ್ಟರು. ಒಳಗಿನ ಗುಳ್ಳೆಗಳ ಎಳೆಗಳು ಹೊಳೆದವು, ಗೋಡೆಯ ಮೇಲೆ ಬೆಳಕು ಕುಣಿಯಿತು. ಮಕ್ಕಳೊಂದಿಗೆ ನಾನೂ ಬಾಯಿ ತೆರೆದು ನಿಂತೆ.

"ಹಿಮಾಲಯದಾಗ ಇಂಥದ್ದು ಗುಡ್ಡದಷ್ಟು ಐತಿ. ಎಷ್ಟೋ ನದಿಗೆ ನೀರು ಅದರದ್ದ. ನಾವು ಭೂಮಿ ಕಾಯಿಸಾಕತ್ತೀವಿ, ಅದು ಕರಗಾಕತ್ತೈತಿ. ಸಂಜಿ ಗಂಟಿಗೆ ಇದೂ ಇರಂಗಿಲ್ಲ. ಕಳಕೊಂಡ್ರ ಹೆಂಗಾಗತೈತಿ, ನೀವ ನೋಡ್ರಿ," ಎಂದರು ಮೇಡಂ.

ಅದೇ ಪಾಠ. ಅದಕ್ಕಾಗಿಯೇ ಇಷ್ಟು ಪಾಡು. ನಾವಿಬ್ಬರೂ ಬೇರೆ ತರಗತಿಗಳಿಗೆ ಹೋದೆವು.

ಸಂಜೆ ಬಂದು ನೋಡಿದರೆ ಕಿಟಕಿಗೆ ಹುಡುಗಿಯರ ದುಪಟ್ಟಾಗಳ ಪರದೆ. ಗಡ್ಡೆ ಮತ್ತೆ ಹೊಟ್ಟಿನೊಳಗೆ, ಗೋಣಿಯ ಕೆಳಗೆ. ಸುತ್ತಲೂ ಮಕ್ಕಳ ಕಾವಲು.

"ಏನ್ರಲೇ ಇದು?" ಎಂದರು ಮೇಡಂ.

"ಕರಗಾಕ ಯಾಕ ಬಿಡಬೇಕ್ರಿ?" ಒಬ್ಬಳು ಗದರಿದಳು. "ಮೊದ್ಲು ಬಾಗಿಲ ಹಾಕ್ರಿ ಮೇಡಂ, ಬಿಸಿಲ ಬರತೈತಿ!"

ಮೇಡಂ ನಕ್ಕು ನಕ್ಕು ಬೆಂಚಿನ ಮೇಲೆ ಕುಸಿದರು. ಅಂದು ಕೆಟ್ಟದ್ದು ಮೇಡಂ ಅವರ ಪಾಠವೊಂದೇ: ಗಂಟೆ ಬಾರಿಸಿದಾಗ ಗಡ್ಡೆ ಇನ್ನೂ ಇತ್ತು.