ಕುರ್ಚಿ ಬಿಟ್ಟು ಬಂಡೆ ಹಿಡಿದ ಲೋಲಾಕ್ಷಿ

ಮಸ್ಕತ್ತಿನ ನಮ್ಮ ಕನ್ನಡ ಸಂಘದ ಚಳಿಗಾಲದ ಪಿಕ್‌ನಿಕ್ಕಿಗೆ ಒಂದು ಸಂವಿಧಾನವಿದೆ. ಅದನ್ನು ಯಾರೂ ಬರೆದಿಲ್ಲ, ಆದ್ದರಿಂದ ತಿದ್ದುವಂತೆಯೂ ಇಲ್ಲ. ಗಂಡಸರಿಗೆ ಹಗ್ಗಜಗ್ಗಾಟ, ಹೆಂಗಸರಿಗೆ ಮ್ಯೂಸಿಕಲ್ ಚೇರ್. ಬರ್ಕಾದ ತೋಟದಲ್ಲಿ ವರ್ಷ ವರ್ಷವೂ ಹೀಗೇ ನಡೆದು, ಹಮ್ರಿಯಾದ ಲೋಲಾಕ್ಷಿಯ ಅಡುಗೆಮನೆ ಬಹುಮಾನದ ಪ್ಲಾಸ್ಟಿಕ್ ಡಬ್ಬಿಗಳಿಂದ ತುಂಬಿಹೋಗಿತ್ತು. ಹಾಡು ನಿಂತ ಕ್ಷಣಕ್ಕೆ ಕುರ್ಚಿ ಆಕ್ರಮಿಸುವುದರಲ್ಲಿ ಆಕೆಯನ್ನು ಮೀರಿಸುವ ವೀರಾಂಗನೆ ಈ ಕೊಲ್ಲಿಯ ದಂಡೆಯಲ್ಲಿ ಇರಲಿಲ್ಲ.

ಆಕೆಯ ಕೆಲಸ ಖುರುಮ್‌ನ ಹಲ್ಲಿನ ಕ್ಲಿನಿಕ್ಕೊಂದರಲ್ಲಿ, ಬಂದವರನ್ನು ಕೂರಿಸುವುದು. ಕೂರಿಸಿ ಕೂರಿಸಿ, ತಾನೂ ಕೂತು ಕೂತು, ಐವತ್ತರ ಹೊಸ್ತಿಲಿನಲ್ಲಿ ಲೋಲಾಕ್ಷಿಗೆ ಕುರ್ಚಿಯೆಂದರೆ ಮೈ ಉರಿಯತೊಡಗಿತು.

ಅದೇ ಹೊತ್ತಿಗೆ ಲಕ್ಷಿತ್ ಎಂಬ ತರುಣ ಇಂಜಿನಿಯರು ಸಂಘ ಸೇರಿದ. ಬಂಡೆ ಹತ್ತುವ ಹುಚ್ಚಿನವನು. "ಮಿಶ್ತ್ ಬೆಟ್ಟದ ಗೋಡೆ ಹತ್ಲಿಕ್ಕೆ ಯುರೋಪಿನಿಂದ ಜನ ಬರ್ತಾರೆ. ಮುಸಂದಮ್‌ನಲ್ಲಿ ಸಮುದ್ರದ ಮೇಲೇ ಹತ್ಬಹುದು. ನಾವು ಮಾತ್ರ ಬರ್ಕಾದಲ್ಲಿ ಬಿರಿಯಾನಿ ತಿಂದು ಬರ್ತೇವೆ" ಎಂದು ಕಮಿಟಿಯ ಮಾನ ಕಳೆದ. ಹೀಗೆ ಪಿಕ್‌ನಿಕ್ ಒಂದು ವಾದಿಗೆ, ಅಂದರೆ ಒಣಹೊಳೆಯ ಕಣಿವೆಗೆ, ವರ್ಗವಾಯಿತು. ಅಲ್ಲಿ ಮಧ್ಯಾಹ್ನದವರೆಗೂ ನೆರಳಿರುವ ಸುಣ್ಣಕಲ್ಲಿನ ಗೋಡೆಯಿತ್ತು. ಕ್ರೀಡಾ ಕಾರ್ಯದರ್ಶಿ, ಮೈಸೂರಿನ ದೊರೆಸ್ವಾಮಿ, ವಾಟ್ಸಾಪಿನಲ್ಲಿ ಸಾರಿದರು: ಜೆಂಟ್ಸ್, ಬಂಡೆ. ಲೇಡೀಸ್, ಮ್ಯೂಸಿಕಲ್ ಚೇರ್.

ಲೋಲಾಕ್ಷಿ ಕೂಡಲೇ ಫೋನು ಮಾಡಿದಳು. "ನನ್ನ ಹೆಸರು ಬಂಡೆಗೆ ಹಾಕಿ."

"ನಿಮಗೆ ಕುರ್ಚಿ ಇದೆಯಲ್ಲಮ್ಮ."

"ಉಂಟು ಮಾರಾಯ್ರೆ. ಕೂತು ಸಾಕಾಗಿದೆ."

ದೊರೆಸ್ವಾಮಿ ನಕ್ಕರು. "ಸರಿ, ಗೋಡೆ ತುದೀಲಿರೋ ಕೊಂಡಿ ಮುಟ್ಬಿಡಿ. ಮುಂದಿನ ವರ್ಷದಿಂದ ಜೆಂಟ್ಸ್, ಲೇಡೀಸ್ ಅನ್ನೋದನ್ನೇ ತೆಗೆದುಹಾಕ್ತೀನಿ. ಮುಟ್ಟದಿದ್ರೆ ಈ ಮಾತು ಖಲಾಸ್. ಇನ್ನೊಂದು, ಕೆಳಗೆ ಹಗ್ಗ ನಿಮ್ಮ ಯಜಮಾನ್ರೇ ಹಿಡೀಬೇಕು. ಬೇರೆಯವರು ಹಿಡಿದ್ರೆ ನಾಲ್ಕು ಜನ ಮಾತಾಡ್ತಾರೆ."

ಷರತ್ತು ಸಂಸ್ಕಾರವಂತವಾಗಿತ್ತು, ಕುತಂತ್ರವೂ ಆಗಿತ್ತು. ಲೋಲಾಕ್ಷಿಯ ಪತಿ ಕೊಗ್ಗ ನುಗ್ಗೆಕಾಯಿಯಂಥ ಆಸಾಮಿ. ಹೆಂಡತಿಯ ಅರ್ಧ ತೂಗಿದರೆ ಹೆಚ್ಚು.

ಆದರೂ ದಂಪತಿ ಪ್ರತಿ ಶುಕ್ರವಾರ ಊರೊಳಗಿನ ಕೃತಕ ಗೋಡೆಗೆ ಹೋಗಿ ಅಭ್ಯಾಸ ಮಾಡಿದರು. ಮಗಳು ಯಶ್ಮಿತಾ ತನ್ನ ಟ್ರ್ಯಾಕ್ ಪ್ಯಾಂಟು ದಾನ ಮಾಡಿ, "ಅಮ್ಮಾ, ಪ್ಲೀಸ್, ನೋ ಫೋಟೋಸ್" ಎಂದಳು. ಗೋಡೆಯ ಬುಡದಲ್ಲಿ ಕೊಗ್ಗನ ಸೊಂಟಕ್ಕೆ ಮನೆಯಿಂದ ತಂದ ಮರಳಿನ ಚೀಲ ಕಟ್ಟಿ ಅವನನ್ನು ಭೂಮಿಯಲ್ಲಿ ಉಳಿಸಿಕೊಳ್ಳುತ್ತಿದ್ದರು.

ಪಿಕ್‌ನಿಕ್ ದಿನ ಬಂತು. ಲೋಲಾಕ್ಷಿಯ ಸೊಂಟದ ಹಗ್ಗ ಗೋಡೆ ತುದಿಯ ಕೊಂಡಿಯ ಮೂಲಕ ಹಾಯ್ದು ಕೆಳಗೆ ಕೊಗ್ಗನ ಸೊಂಟಕ್ಕೆ ಬಂದಿತ್ತು. ಲಕ್ಷಿತ್ ಗಂಟುಗಳನ್ನು ಪರೀಕ್ಷಿಸಿದ. ಲೋಲಾಕ್ಷಿ ದಿಗ್ವಿಜಯಕ್ಕೆ ಹೊರಟಳು. ಕಲ್ಲು ತುರಿಮಣೆಯಂತೆ ಅಂಗೈ ಕಚ್ಚಿತು. ಆಕೆ ಅದನ್ನು ತಿರುಗಿ ಕಚ್ಚುವವಳಂತೆ ಏರಿದಳು. ಗೋಡೆಯ ನಡುವೆ ಉಬ್ಬಿದ್ದ ಕಲ್ಲಿನ ಹತ್ತಿರ ಕಾಲು ಜಾರಿತು. ಲೋಲಾಕ್ಷಿ ಇಳಿದಳು, ಕೊಗ್ಗ ಏರಿದ. ಆಕಾಶಮಾರ್ಗದಲ್ಲಿ ಸತಿಪತಿಯರ ಭೇಟಿಯಾಯಿತು.

"ನೀವೆಂತ ಇಲ್ಲಿ?"

"ನೀನೇ ಕರೆಸಿದ್ದಲ್ವಾ?"

"ಮರಳಿನ ಚೀಲ ಎಲ್ಲಿ?"

"ಪುಂಡಿಯ ಪಾತ್ರೆ ಇಡ್ಲಿಕ್ಕೆ ನೀನೇ ಡಿಕ್ಕಿಯಿಂದ ಇಳಿಸಿದ್ದು, ಮಾರಾಯ್ತಿ."

ನಿಜವೇ. ಸಂಘಕ್ಕೆಲ್ಲ ಆಗುವಷ್ಟು ಪುಂಡಿ, ಅಂದರೆ ಅಕ್ಕಿಯ ಉಂಡೆಗಡುಬು, ಬೇಯಿಸಿದವಳಿಗೆ, ಅದಕ್ಕೆ ಜಾಗ ಮಾಡುವ ಸಡಗರದಲ್ಲಿ ಗಂಡನ ತೂಕ ಮನೆಯಲ್ಲೇ ಉಳಿದದ್ದು ತಿಳಿದಿರಲಿಲ್ಲ.

ಲಕ್ಷಿತ್ ಇಬ್ಬರನ್ನೂ ನೆಲಕ್ಕೆ ತಂದ. "ಸಾಕು ಬಿಡಿ, ಕುರ್ಚಿ ರೆಡಿ ಇದೆ" ಎಂದು ದೊರೆಸ್ವಾಮಿ ಮೈಕಿನಲ್ಲಿ ಸಾಂತ್ವನ ಹೇಳಿದರು.

ಲೋಲಾಕ್ಷಿ ಅವರನ್ನು ಅಡಿಯಿಂದ ಮುಡಿಯವರೆಗೆ, ವಿಶೇಷವಾಗಿ ನಡುಭಾಗವನ್ನು, ಅಳೆದು ನೋಡಿದಳು. "ಆ ಕುರ್ಚಿ ಇಲ್ಲಿ ತನ್ನಿ. ನೀವೇ ಕೂತ್ಕೊಳ್ಳಿ."

"ನಾನ್ಯಾಕೆ?"

"ಹಗ್ಗ ಯಜಮಾನರೇ ಹಿಡೀತಾರೆ. ಯಜಮಾನರನ್ನು ಯಾರು ಹಿಡೀಬೇಕು ಅಂತ ನೀವು ಹೇಳ್ಲಿಲ್ಲ."

ಅಷ್ಟರಲ್ಲಿ ಕುರ್ಚಿಗಳ ಸುತ್ತ ನಿಂತಿದ್ದ ಹೆಂಗಸರೆಲ್ಲ ಇತ್ತ ಬಂದಿದ್ದರು. ಅಧ್ಯಕ್ಷೆ ಮಾರ್ಗರೆಟ್ ತಣ್ಣಗೆ ಹೇಳಿದರು, "ಕೂತ್ಕೊಳ್ಳಿ ದೊರೆಸ್ವಾಮಿ. ಎಲ್ಲರೂ ನೋಡ್ತಾ ಇದ್ದಾರೆ."

ಲಕ್ಷಿತ್ ಕುರ್ಚಿಯಲ್ಲಿ ಕೂತ ಕಾರ್ಯದರ್ಶಿಗಳನ್ನು ಪಟ್ಟಿಯಿಂದ ಕೊಗ್ಗನ ಸೊಂಟಕ್ಕೆ ಬಿಗಿದ. ಲೋಲಾಕ್ಷಿ ಮತ್ತೆ ಏರಿದಳು. ಅದೇ ಉಬ್ಬುಗಲ್ಲಿನಲ್ಲಿ ಮತ್ತೆ ಜಾರಿದಳು. ಕುರ್ಚಿಯ ಕಾಲು ಜಲ್ಲಿಯಲ್ಲಿ ಹೂತಿತು, ಕೊಗ್ಗ ಕದಲಲಿಲ್ಲ. ಗೋಡೆಯ ಅಂಚಿಗೆ ಬಿಸಿಲು ಬಂದಿತ್ತು. ಆಕೆ ತೂಗಾಡುತ್ತಲೇ ಅಂಗೈಯ ರಕ್ತವನ್ನು ಮಗಳ ಪ್ಯಾಂಟಿಗೆ ಒರೆಸಿ, ಕಲ್ಲನ್ನು ತಬ್ಬುವುದು ಬಿಟ್ಟು ಕಾಲಿನಿಂದ ಒದ್ದು ಮೇಲೆದ್ದಳು. ಉಬ್ಬು ಕೆಳಗುಳಿಯಿತು. ಕೈ ಕೊಂಡಿ ಮುಟ್ಟಿತು.

"ಇಳೀರಮ್ಮ, ಊಟಕ್ಕೆ ಹೊತ್ತಾಯ್ತು" ಎಂದರು ದೊರೆಸ್ವಾಮಿ.

"ಮೊದಲು ಮೈಕಿನಲ್ಲಿ ಹೇಳಿ."

"ಇಳಿದ ಮೇಲೆ ಹೇಳ್ತೀನಿ."

"ನನಗೆ ಅವಸರ ಇಲ್ಲ. ಇಲ್ಲಿ ಗಾಳಿ ಚೆಂದ ಉಂಟು."

ದೊರೆಸ್ವಾಮಿ ಏಳುವಂತಿರಲಿಲ್ಲ. ಪುಂಡಿಯ ಪಾತ್ರೆಯ ಮುಚ್ಚಳವನ್ನು ಯಾರೋ ತೆಗೆದರು. ಕೊನೆಗೆ ಅವರೇ ಮೈಕು ತರಿಸಿಕೊಂಡು, ಮುಂದಿನ ವರ್ಷದಿಂದ ಎಲ್ಲ ಆಟವೂ ಎಲ್ಲರಿಗೂ ಎಂದು ಕಣಿವೆಗೆಲ್ಲ ಕೇಳುವಂತೆ ಘೋಷಿಸಿದರು. ಚಪ್ಪಾಳೆ ಬಿತ್ತು. ಹಗ್ಗ ಹಿಡಿದಿದ್ದ ಕೊಗ್ಗನೊಬ್ಬನೇ ತಟ್ಟಲಿಲ್ಲ.

"ಯಲ್ಲಾ, ಈಗ ಇಳಿಸಿ" ಎಂದು ಅರಬ್ಬಿ ಬೆರೆಸಿ ಅವಸರಪಡಿಸಿದಳು ಲೋಲಾಕ್ಷಿ.

ಆ ವರ್ಷದ ಪ್ಲಾಸ್ಟಿಕ್ ಡಬ್ಬಿಗಳನ್ನು ಮಾರ್ಗರೆಟ್ ದೊರೆಸ್ವಾಮಿಯವರಿಗೆ ಕೊಟ್ಟರು. ಅಂದು ಅವರಷ್ಟು ಹೊತ್ತು ಕುರ್ಚಿ ಬಿಡದೆ ಕೂತವರು ಬೇರೆ ಯಾರೂ ಇರಲಿಲ್ಲ.